ಹೊಲಿಗೆ ಹೋದ ದಿಕ್ಕು

ಅಂಗಿಯ ಮೇಲಿನ ಗುಂಡಿ ಅವತ್ತು ಬೆಳಿಗ್ಗೆ ತನ್ನ ಕಾಜಕ್ಕೆ ಹೋಗಲು ಸುತರಾಂ ಒಪ್ಪಲಿಲ್ಲ. ಕೆಳಗಿನವೆಲ್ಲ ಹೇಗೋ ದಾರಿಗೆ ಬಂದಿದ್ದವು. ಇದೊಂದು ಮಾತ್ರ ಬೆರಳಿನಿಂದ ಬೆರಳಿಗೆ ಜಾರಿ, ಕಾಜದ ಬಾಯಿಯವರೆಗೂ ಬಂದು, ಅಲ್ಲಿ ಏನೋ ಮರೆತವರ ಹಾಗೆ ವಾಪಸು ಹೋಗುತ್ತಿತ್ತು. ಅವನು ಕನ್ನಡಿಗೆ ಬೆನ್ನು ಮಾಡಿ ನಿಂತ. ನೋಡುತ್ತಿದ್ದರೆ ಕೈ ಇನ್ನಷ್ಟು ನಡುಗುತ್ತದೆ ಎಂಬುದು ಈಚಿನ ಅನುಭವ. ಕೊನೆಗೆ ಗುಂಡಿಯನ್ನು ಅದರ ಪಾಡಿಗೆ ಬಿಟ್ಟು ಮೇಲೊಂದು ಸ್ವೆಟರ್ ಎಳೆದುಕೊಂಡ. ಇಂಥ ಸೆಕೆಯಲ್ಲಿ ಸ್ವೆಟರ್ ಯಾಕೆ ಎಂದರೆ ಪ್ರಯೋಗಾಲಯದಲ್ಲಿ ಚಳಿ ಎನ್ನುವುದು. ಸ್ಕೂಟರ್ ಯಾಕೆ ಬಿಟ್ಟಿರಿ ಎಂದರೆ ಬೆನ್ನುನೋವು ಎನ್ನುವುದು. ದೋಣಿಯ ನಕ್ಷೆಗಳನ್ನು ಕೈಯಲ್ಲಿ ಬರೆಯುವುದು ಯಾಕೆ ನಿಲ್ಲಿಸಿದಿರಿ ಎಂದರೆ ಈಗೆಲ್ಲ ಕಂಪ್ಯೂಟರ್ ಕಾಲ ಎನ್ನುವುದು. ಇಂಥ ಉತ್ತರಗಳ ದಾಸ್ತಾನನ್ನೇ ಅವನು ಮಾಡಿಟ್ಟುಕೊಂಡಿದ್ದ. ಇದುವರೆಗೆ ಯಾರೂ ಒಂದನ್ನೂ ಕೇಳಿರಲಿಲ್ಲ ಎಂಬುದು ಬೇರೆ ಮಾತು.

ಅಡುಗೆಮನೆಯಲ್ಲಿ ಹೆಂಡತಿ ನಿಂತುಕೊಂಡೇ ಚಹಾ ಕುಡಿಯುತ್ತಿದ್ದಳು. ಅವಳು ಜನರಿಗೆ ಕಾರು ಓಡಿಸುವುದನ್ನು ಕಲಿಸುವವಳು. ಮೊದಲ ಪಾಠ ಬೇಗ ಶುರುವಾಗುತ್ತದೆ, ಕೂತು ಕುಡಿಯುವ ಭಾಗ್ಯ ರಜೆಯ ದಿನ ಮಾತ್ರ. ಅವನ ಲೋಟ ಮೇಜಿನ ಮೇಲಿತ್ತು, ಅರ್ಧ. ಮಳೆಗಾಲ ಮುಗಿದಾಗಿನಿಂದ ಹೀಗೇ, ಅರ್ಧ ಲೋಟ. ಮೊದಲ ದಿನ ಹಾಲು ಕಡಿಮೆ ಬಿತ್ತೇನೋ ಅಂದುಕೊಂಡಿದ್ದ. ಆಮೇಲೆ ತನ್ನ ಹೊಟ್ಟೆಯ ಮೇಲೆ ಅವಳ ಕಣ್ಣು ಬಿದ್ದಿದೆ ಅಂದುಕೊಂಡ. ಆಮೇಲೆ ಏನೂ ಅಂದುಕೊಳ್ಳದೆ ಸುಮ್ಮನೆ ಮುಖ ಊದಿಸಿಕೊಂಡ. ಇಷ್ಟು ಕಾಲ ಸಂಸಾರ ಮಾಡಿದವನಿಗೆ ಒಂದು ಲೋಟ ತುಂಬ ಚಹಾ ಕೊಡಲು ಆಗದೇ ಇವಳಿಗೆ? ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ಅರ್ಧ ಲೋಟ ಚಹಾಕ್ಕೆ ಜಗಳ ತೆಗೆದ ಗಂಡ ಎನ್ನಿಸಿಕೊಳ್ಳಬೇಕಲ್ಲ.

‘ಇನ್ನರ್ಧ ಹಾಕ್ಲಾ?’ ಎಂದಳು, ದಿನಾ ಕೇಳುವ ಹಾಗೆ.

‘ಬೇಡ’ ಎಂದ, ದಿನಾ ಹೇಳುವ ಹಾಗೆ.

‘ಇವತ್ತು ದೊಡ್ಡ ದಿನ ಅಲ್ವಾ? ನಿಮ್ಮ ಹೊರಗಿನವನಿಗೂ ಒಳಗಿನವನಿಗೂ ನಾನು ಕೇಳ್ದೆ ಅಂತ ಹೇಳಿ. ಆಮೇಲೆ ನಮ್ಮ ಹುಡುಗನ್ನ ಹುಷಾರಾಗಿ ನೋಡ್ಕೊಳ್ಳಿ.’

‘ಆಯ್ತು.’

ಈ ಮೂವರೂ ಸತ್ತು ಸಾವಿರಾರು ವರ್ಷಗಳಾಗಿದ್ದವು. ಆದರೂ ಈ ಮನೆಯಲ್ಲಿ ಅವರು ನಂಟರ ಹಾಗೆ ಬಂದು ಹೋಗುತ್ತಿದ್ದರು. ಹಳೆಯ ದೋಣಿಗಳ ಅಧ್ಯಯನ ಅವನ ಕೆಲಸ. ನದೀಮುಖದಲ್ಲಿ ಹೂಳೆತ್ತುವಾಗ ಒಂದು ಹಳೆಯ ದೋಣಿಯ ತುಂಡು ಸಿಕ್ಕಿತ್ತು. ಎರಡೇ ಹಲಗೆ, ಅಂಚಿಗೆ ಅಂಚು ಕೂಡಿಸಿ ಹುರಿಯಲ್ಲಿ ಹೊಲಿದದ್ದು. ಒಂದು ಮೊಳೆಯಿಲ್ಲ. ಕೆಸರಿನ ದಯೆಯಿಂದ ಹುರಿ ಕೂಡ ಉಳಿದಿತ್ತು. ಹೊಲಿದ ದೋಣಿಯ ಕೆಲಸ ಒಬ್ಬರಿಂದ ಆಗುವುದಲ್ಲ. ಹೊರಗೆ ನಿಂತವನು ಬೈರಿಗೆಯಿಂದ ತೂತು ಕೊರೆದು ಹುರಿಯನ್ನು ಒಳಗೆ ತೂರಿಸುತ್ತಾನೆ. ಒಳಗೆ ಕುಕ್ಕರುಗಾಲಲ್ಲಿ ಕೂತವನು ಅದನ್ನು ಹಿಡಿದು, ಹಲಗೆಗಳ ಸಂದಿನ ಮೇಲೆ ನಾರಿನ ಮೆತ್ತೆ ಇಟ್ಟು, ಎಳೆದು ಬಿಗಿಮಾಡಿ, ಮುಂದಿನ ತೂತಿನಿಂದ ಹೊರಗೆ ಕಳಿಸಿ, ತೂತಿಗೆ ಮರದ ಬೆಣೆ ಹೊಡೆಯುತ್ತಾನೆ. ನಡುವೆ ಹಲಗೆ ಇರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಇಂಥ ದೋಣಿ ಇನ್ನೂ ಕಟ್ಟುವ ದಡಗಳಲ್ಲೆಲ್ಲ ಅವನು ಅಲೆದಿದ್ದ. ಒಂದು ದಡದವರು ಮೆತ್ತೆಯನ್ನು ಒಳಗಷ್ಟೇ ಇಡುತ್ತಾರೆ, ಇನ್ನೊಂದು ದಡದವರು ಎರಡೂ ಕಡೆ. ಒಬ್ಬರು ಹುರಿಯನ್ನು ಅಡ್ಡ ಹಾಯಿಸುತ್ತಾರೆ, ಒಬ್ಬರು ನೆಟ್ಟಗೆ. ಎಲ್ಲ ಕಡೆಯೂ ಒಂದು ಮಾತ್ರ ಒಂದೇ: ಆ ಇಬ್ಬರು ದಿನವಿಡೀ ಹಲಗೆ ಕುಟ್ಟಿಯೇ ಮಾತಾಡುತ್ತಾರೆ, ಎಳಿ, ಬಿಡು, ತಾಳು. ಊರಿಗೆ ಮರಳಿ ಇದನ್ನು ಹೇಳಿದಾಗ ಹೆಂಡತಿ ಬಿದ್ದು ಬಿದ್ದು ನಕ್ಕಿದ್ದಳು. ಮರುದಿನ ಅವನು ಸಾರಿಗೆ ಉಪ್ಪು ಕಡಿಮೆ ಎಂದಾಗ ಒಲೆಯ ಮುಂದಿನಿಂದಲೇ, ‘ಒಳಗಿನವರ ಕಷ್ಟ ಹೊರಗಿನವರಿಗೆ ಏನು ಗೊತ್ತು’ ಎಂದಳು. ಅಂದಿನಿಂದ ಅವರಿಬ್ಬರು ಮನೆಗೆ ಸೇರಿದರು.

ಹುಡುಗ ಆಮೇಲೆ ಬಂದ. ಆ ಹೊಲಿಗೆಯ ತೂತುಗಳು ಒಂದು ತುದಿಯಲ್ಲಿ ಗೆರೆ ಹೊಡೆದ ಹಾಗೆ ನೇರವಾಗಿದ್ದವು. ಇನ್ನೊಂದು ತುದಿಯ ಕಡೆ ಮೇಲೊಂದು ಕೆಳಗೊಂದು, ದೊಡ್ಡದೊಂದು ಚಿಕ್ಕದೊಂದು. ಇದೇನಿರಬಹುದೆಂದು ಅವನು ತಲೆ ಕೆರೆದುಕೊಳ್ಳುತ್ತಿದ್ದಾಗ ಹೆಂಡತಿ ತನ್ನ ಶಿಷ್ಯನೊಬ್ಬನ ಪ್ರತಾಪ ಹೇಳುತ್ತಿದ್ದಳು: ‘ಬೀದಿ ಶುರುವಲ್ಲಿ ಕುಡಿದವನ ಥರ ಆ ಕಡೆ ಈ ಕಡೆ, ಬೀದಿ ಮುಗಿಯೋ ಹೊತ್ತಿಗೆ ಹೇಗೋ ನೆಟ್ಟಗೆ. ಕಲಿಯೋರೆಲ್ಲ ಹಾಗೇ.’ ಅವನು ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಿದ್ದ. ಸೊಟ್ಟ ತುದಿಯಿಂದ ಶುರುಮಾಡಿ ನೇರ ತುದಿಗೆ ಬಂದಿದ್ದಾನೆ, ಕೆಲಸ ಕಲಿಯುವ ಹುಡುಗ! ಪ್ರಬಂಧದಲ್ಲಿ ‘ಕಲಿಕೆಯ ಕೈ’ ಎಂದು ಬರೆದ. ಸಂಗ್ರಹಾಲಯದ ಫಲಕದ ಮೇಲೂ ಅದೇ ಮಾತು ಬಂತು. ಶಾಲೆಯ ಮಕ್ಕಳು ಅದರ ಮುಂದೆ ನಿಂತು ನಗುತ್ತಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ಇಬ್ಬರೂ ಅವನನ್ನು ನಮ್ಮ ಹುಡುಗ ಎನ್ನತೊಡಗಿದರು. ಮೊದಲು ತಮಾಷೆಗೆ, ಆಮೇಲೆ ಅಭ್ಯಾಸವಾಗಿ.

‘ಹೊರಡೋಣ್ವಾ?’ ಎಂದಳು. ಕಾರಿನಲ್ಲಿ ಅವನು ಕೂರುವುದು ಪಾಠದ ಹೊತ್ತಿನಲ್ಲಿ ಅವಳು ಕೂರುವ ಸೀಟು. ಅಲ್ಲಿ ಕಾಲ ಹತ್ತಿರ ಇನ್ನೊಂದು ಬ್ರೇಕು ಇದೆ. ತಪ್ಪಿ ತುಳಿದೇನೆಂದು ಅವನು ಯಾವಾಗಲೂ ಕಾಲು ಮಡಚಿ ಕೂರುತ್ತಿದ್ದ. ದೊಡ್ಡ ವೃತ್ತದಲ್ಲಿ ಕೆಂಪು ದೀಪ ಬಿದ್ದಾಗ ಅವಳು ಮುಂದಿನ ಲಾರಿಯವನಿಗೆ ಶಾಪ ಹಾಕುತ್ತಲೇ ಕೈ ಚಾಚಿ, ಅವನ ಸ್ವೆಟರಿನ ಕೊರಳೊಳಗೆ ಬೆರಳು ತೂರಿಸಿ ಆ ಗುಂಡಿಯನ್ನು ಹಾಕಿಬಿಟ್ಟಳು. ಕಣ್ಣು ದೀಪದ ಮೇಲೇ ಇತ್ತು. ಅವನಿಗೆ ಮೈಯೆಲ್ಲ ಉರಿಯಿತು. ಪಕ್ಕದ ಬಸ್ಸಿನ ಕಿಟಕಿಯಿಂದ ಯಾರೋ ನೋಡುತ್ತಿದ್ದರು. ಶಾಲೆಗೆ ಹೊರಟ ಮಗುವೇ ತಾನು? ಇವಳಿಗೆ ಎಲ್ಲವೂ ನೆಟ್ಟಗಿರಬೇಕು, ಗಂಡನೂ ಸೇರಿ. ಸ್ವೆಟರಿನ ಕೊರಳನ್ನು ಮೇಲಕ್ಕೆ ಎಳೆದುಕೊಂಡ. ಹೋದ ವಾರ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದಾಗ ಗುಮಾಸ್ತ, ‘ಬಸ್ಸಲ್ಲಿ ಕೂತು ಸಹಿ ಮಾಡಿದ ಹಾಗಿದೆಯಲ್ಲ ಸಾರ್’ ಎಂದಿದ್ದ. ಎಲ್ಲರ ಜತೆ ಅವನೂ ನಕ್ಕಿದ್ದ. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿದ್ದ. ಇಷ್ಟು ವರ್ಷ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದ ಕೈ. ಬೇರೆ ಯಾರಾದರೂ ಕೈ ಕೊಡಬಹುದು ಎಂದು ಗೊತ್ತಿತ್ತು, ಕೈಯೇ ಕೈ ಕೊಡುತ್ತದೆ ಎಂದು ಗೊತ್ತಿರಲಿಲ್ಲ. ಭಯ ಎಂದರೆ ಅದು. ಅದನ್ನು ಯಾರಿಗೂ ಹೇಳಿರಲಿಲ್ಲ, ಡಾಕ್ಟರಿಗೂ.

ಇವತ್ತಿನ ಗಂಡಾಂತರ ಅವನೇ ತಂದುಕೊಂಡದ್ದು. ಹಲಗೆಗಳಿಗೆ ಮೇಣ ಉಣಿಸಿ ಒಣಗಿಸದಿದ್ದರೆ ಮರ ಸೀಳುತ್ತದೆ. ಹೊಲಿಗೆ ಇದ್ದಷ್ಟು ಕಾಲ ಮೇಣ ಸಂದಿಗೆ ಇಳಿಯುವುದಿಲ್ಲ. ಆದ್ದರಿಂದ ಹೊಲಿಗೆಯನ್ನು ಕತ್ತರಿಸಿ ಬಿಚ್ಚಲೇಬೇಕೆಂದು ಸಂಗ್ರಹಾಲಯದ ಸಭೆ ಹೇಳಿತು. ಅವನು ಒಂದು ವರ್ಷ ಬೇಡವೆಂದು ಹಟ ಹಿಡಿದ. ಸೋತ ದಿನ ಎಲ್ಲರೆದುರು ಎದ್ದು ನಿಂತು, ‘ಬಿಚ್ಚೋದೇ ಆದ್ರೆ ನನ್ನ ಕೈಯಿಂದ್ಲೇ. ಬೇರೆ ಯಾರೂ ಮುಟ್ಟಬಾರದು’ ಎಂದ. ದನಿ ಗಟ್ಟಿಯಾಗಿತ್ತು. ಬೆನ್ನ ಹಿಂದೆ ಬಲಗೈಯನ್ನು ಎಡಗೈ ಹಿಡಿದುಕೊಂಡಿತ್ತು. ಅಷ್ಟು ಹಳೆಯ ಹುರಿ ಕೆಸರಿನಷ್ಟೇ ಮೆತ್ತಗಿರುತ್ತದೆ. ಕತ್ತಿ ಒಂದು ಸಲ ಜಾರಿದರೆ ಅದರ ಎಳೆ, ಹೊಸೆತ, ಗಂಟು ಎಲ್ಲ ಕಲಸಿಹೋಗುತ್ತದೆ. ಮತ್ತೆ ಸಿಗುವಂಥದ್ದಲ್ಲ.

ಪ್ರಯೋಗಾಲಯದಲ್ಲಿ ರಸಾಯನ ಆಗಲೇ ಬಂದು ಏಪ್ರನ್ ಕಟ್ಟಿಕೊಂಡು ನಿಂತಿದ್ದಳು. ಅವಳು ಅಲ್ಲಿನ ರಸಾಯನಶಾಸ್ತ್ರದ ತಜ್ಞೆ, ಅವನಿಗಿಂತ ತುಂಬ ಚಿಕ್ಕವಳು, ದೋಣಿಯ ಕೆಲಸ ಅವನಿಂದಲೇ ಕಲಿತವಳು, ಗಂಭೀರ ಮುಖದ ಹೆಂಗಸು. ಆ ಅಡ್ಡಹೆಸರು ಅವನೇ ಇಟ್ಟದ್ದು. ಅವಳು ಸಿಟ್ಟಾಗದೆ ಅದನ್ನೇ ತನ್ನ ಕಪಾಟಿನ ಮೇಲೆ ಬರೆದುಕೊಂಡಿದ್ದಳು. ಒಣಗದಂತೆ ಹಲಗೆಗಳನ್ನು ಮುಳುಗಿಸಿಟ್ಟಿದ್ದ ತೊಟ್ಟಿಯ ನೀರನ್ನು ಅವುಗಳ ಮೇಲೆ ತೆಳ್ಳಗೆ ನಿಲ್ಲುವಷ್ಟು ಇಳಿಸಿದ್ದಳು. ಹಲಗೆಗಳು ಹೊರಮೈ ಮೇಲಾಗಿ ಮಲಗಿದ್ದವು, ಸಿಕ್ಕಿದಾಗ ಹೇಗಿದ್ದವೋ ಹಾಗೇ. ತಿರುಗಿಸಿದರೆ ಹುರಿ ಹರಿಯುವ ಭಯಕ್ಕೆ ಅವುಗಳ ಒಳಮೈಯನ್ನು ಇದುವರೆಗೆ ಯಾರೂ ನೋಡಿರಲಿಲ್ಲ. ಅವನು ದೀಪ ಸರಿಸಿದ. ಕುರ್ಚಿ ಸರಿಸಿದ. ನೀರಿನ ಶಾಖ ಕೇಳಿದ. ಆಮೇಲೆ ಮಾಡಲು ಬೇರೆ ಏನೂ ಉಳಿಯಲಿಲ್ಲ. ಕತ್ತಿ ಹಿಡಿದು, ನೇರ ತುದಿಯ ಮೊದಲ ಹೊಲಿಗೆಗೆ ಅದರ ಮೊನೆಯನ್ನು ಇಳಿಸಿದ. ಹುರಿಗೆ ತಾಗುವ ಮೊದಲು ಮೊನೆ ನೀರಿಗೆ ತಾಗಿತು. ನೀರಿನ ಮೇಲೆ ಸಣ್ಣ ಸಣ್ಣ ಅಲೆಗಳು ಎದ್ದು, ಒಂದರ ಹಿಂದೊಂದು ತೊಟ್ಟಿಯ ಅಂಚಿನವರೆಗೆ ಹೋದವು. ನಿಲ್ಲಲಿಲ್ಲ. ಅವನು ಉಸಿರು ಹಿಡಿದ, ಮೊಣಕೈ ಊರಿದ. ಅಲೆಗಳು ಹೋಗುತ್ತಲೇ ಇದ್ದವು. ಎದುರಿಗೆ ನಿಂತ ರಸಾಯನ ಅವನನ್ನು ನೋಡಲಿಲ್ಲ, ನೀರನ್ನು ನೋಡುತ್ತಿದ್ದಳು.

‘ನೀರು ತುಂಬಾ ತಣ್ಣಗಿದೆ ಸಾರ್. ಯಾರ ಕೈಯಾದ್ರೂ ಮರಗಟ್ಟುತ್ತೆ’ ಎಂದಳು.

ಆ ಕರುಣೆಗೆ ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಲಿಸಿದ್ದು ತಾನು, ಈಗ ನೆಪವನ್ನೂ ಅವಳೇ ಹುಡುಕಿಕೊಡಬೇಕೇ? ಒಂದು ಕ್ಷಣ, ಹಾಳಾಗಲಿ, ಕತ್ತರಿಸಿಯೇ ಬಿಡುತ್ತೇನೆ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಹೆದರಿ ಕೈಯನ್ನು ಹಿಂದೆ ತೆಗೆದ. ತನ್ನ ಮಾನಕ್ಕಾಗಿ ಹುಡುಗನ ಹೊಲಿಗೆಯನ್ನು ಕಲಸಿಬಿಡುತ್ತಿದ್ದೆನಲ್ಲ ಎಂದು ಬೆವರಿದ. ಕತ್ತಿಯ ಹಿಡಿಯನ್ನು ಅವಳ ಕಡೆ ತಿರುಗಿಸಿದ.

‘ಕನ್ನಡಕ ಮಂಜಾಗ್ತಿದೆ. ನೀನೇ ಕತ್ತರಿಸು.’

‘ನೀವು?’

‘ನಾನು ಕೆಳಗಿಂದ ಹಿಡ್ಕೋತೀನಿ.’

ಕನ್ನಡಕ ಅವನ ಜೇಬಿನಲ್ಲಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ಅವನು ತೋಳು ಮಡಚಿ, ಎರಡೂ ಕೈಗಳನ್ನು ನೀರೊಳಗೆ ಇಳಿಸಿ, ಹಲಗೆಗಳನ್ನು ಹೊತ್ತ ತಟ್ಟೆಯ ಅಡಿಗೆ ಅಂಗೈ ಕೊಟ್ಟ. ಭಾರ ಬಿದ್ದೊಡನೆ ಕೈ ಸುಮ್ಮನಾಯಿತು. ಮೇಲೆ ರಸಾಯನ ಮೊದಲ ಹೊಲಿಗೆಯನ್ನು ಕತ್ತರಿಸಿದಾಗ ಅದು ಅವನ ಅಂಗೈಗೆ ತಿಳಿಯಿತು, ಒಂದು ಸಣ್ಣ ಸಡಿಲ. ‘ಹೂಂ’ ಎಂದ. ಇನ್ನೊಂದು. ‘ಹೂಂ.’ ಅವಳ ಕೈ ಚೆನ್ನಾಗಿತ್ತು. ಹೊಟ್ಟೆಕಿಚ್ಚು ಪಡಲು ಮನಸ್ಸಿತ್ತು, ಆದರೆ ಅಷ್ಟು ಚೆನ್ನಾಗಿ ನಡೆಯುವ ಕೆಲಸದ ಮೇಲೆ ಅದು ನಿಲ್ಲಲಿಲ್ಲ. ಬೆಳಗೆಲ್ಲ ಹೀಗೇ ಕಳೆಯಿತು. ಅವಳು ಕತ್ತರಿಸುವುದು, ಅವನು ಹೂಂಗುಟ್ಟುವುದು. ಕೊನೆಯ ಹೊಲಿಗೆ ಬಿಟ್ಟ ಮೇಲೆ ಹಲಗೆಗಳನ್ನು ಮೆಲ್ಲಗೆ ಮೇಲಕ್ಕೆತ್ತಿ ಅತ್ತ ಇತ್ತ ಸರಿಸಿದರು. ನಡುವೆ ನಾರಿನ ಮೆತ್ತೆ ಬೆಣೆಗಳ ಸಮೇತ ಉದ್ದಕ್ಕೆ ಉಳಿಯಿತು, ಒಳಗಿನ ಹುರಿ ಅದರ ಅಡಿಯಲ್ಲಿ. ಮೇಲೊಂದು ತಟ್ಟೆ ಕವುಚಿ, ಆ ತುದಿ ಅವಳು ಈ ತುದಿ ಅವನು ಅದುಮಿ ಹಿಡಿದು, ಒಂದೇ ಉಸಿರಿಗೆ ಮಗುಚಿದರು. ಮೇಲಿನ ತಟ್ಟೆ ತೆಗೆದಾಗ, ಅಷ್ಟು ವರ್ಷ ಯಾರೂ ನೋಡದ ಒಳಗಿನವನ ಕೆಲಸ ದೀಪದ ಕೆಳಗಿತ್ತು.

ಅವನು ಕನ್ನಡಕ ಹಾಕಿಕೊಂಡ. ಒಳಗಡೆ ಪ್ರತಿ ಹೊಲಿಗೆಯೂ ಹಿಂದಿನದರ ಮೇಲೆ ಹತ್ತಿ ಕೂತಿತ್ತು. ಯಾವುದು ಮೇಲಿದೆಯೋ ಅದು ಆಮೇಲಿನದು. ಅವನು ಸೊಟ್ಟ ತುದಿಯಿಂದ ನೋಡುತ್ತ ಬಂದ, ನಿಂತ, ಮತ್ತೆ ನೋಡಿದ. ಏರಿಕೆ ಎಲ್ಲ ಅವನು ಎಣಿಸಿದ್ದಕ್ಕೆ ತಿರುಗುಮುರುಗಾಗಿತ್ತು. ಶುರುವಿನ ಗಂಟು ನೇರ ತುದಿಯಲ್ಲಿತ್ತು. ಕೊನೆಯ ಎಳೆಯನ್ನು ಸೊಟ್ಟ ತುದಿಯಲ್ಲಿ ಒಳಕ್ಕೆ ಸಿಕ್ಕಿಸಲಾಗಿತ್ತು.

‘ತಟ್ಟೆ ತಿರುಗಿಸಿಟ್ವಾ?’ ಎಂದ.

‘ಇಲ್ಲ ಸಾರ್. ಗುರುತು ಇಲ್ಲೇ ಇದೆ ನೋಡಿ.’

ಹಾಗಾದರೆ ಹೊಲಿಗೆ ಹೋದದ್ದು ನೇರದಿಂದ ಸೊಟ್ಟಕ್ಕೆ. ಕಲಿಯುವವನು ಹಾಗೆ ಹೋಗುವುದಿಲ್ಲ. ಹುಡುಗ ಇರಲೇ ಇಲ್ಲ. ಪ್ರಬಂಧ, ಫಲಕ, ನಗುವ ಮಕ್ಕಳು, ಎಲ್ಲ ತಪ್ಪು ಎಂಬುದಕ್ಕಿಂತ, ಮನೆಯಲ್ಲಿ ಹೆಂಡತಿಗೆ ಹೇಗೆ ಹೇಳುವುದು ಎಂದು ಅವನಿಗೆ ಅನ್ನಿಸಿತು. ಹೊರಗಿದ್ದವನು ಕೆಲಸ ಬಲ್ಲವನೇ. ಎಲ್ಲರಿಗಿಂತ ಚೆನ್ನಾಗಿ ಬಲ್ಲವನು, ಶುರುವಿನ ತೂತುಗಳೇ ಸಾಕ್ಷಿ. ಹೋಗುತ್ತ ಹೋಗುತ್ತ ಅವನ ಕೈ ಅವನ ಮಾತು ಕೇಳದೆ ಹೋಯಿತು. ತೂತು ಮೇಲಕ್ಕೆ, ಕೆಳಕ್ಕೆ. ನಿಲ್ಲಿಸಲಿಲ್ಲ, ಯಾರಿಗೂ ಹೇಳಲಿಲ್ಲವೇನೋ. ಹಲಗೆಯ ಆಚೆ ಕೂತವನಿಗೆ ಕಾಣುವುದಿಲ್ಲವಲ್ಲ ಎಂದುಕೊಂಡಿದ್ದಿರಬೇಕು.

ಆಚೆ ಕೂತವನಿಗೆ ಗೊತ್ತಾಗಿತ್ತು. ತೂತು ಎಲ್ಲಿಂದ ದಾರಿ ತಪ್ಪಿತ್ತೋ ಅಲ್ಲಿಂದಲೇ ಒಳಗಿನ ಮೆತ್ತೆ ದಪ್ಪವಾಗಿತ್ತು. ಸಂದು ಅಗಲವಾದ ಕಡೆ ಇನ್ನೊಂದು ಹಿಡಿ ನಾರು. ನೇರ ತುದಿಯ ಬೆಣೆಗಳು ಒಂದೇ ಅಳತೆಯವು; ಇಲ್ಲಿ ಒಂದೊಂದೂ ಆಯಾ ತೂತಿಗೆಂದೇ ಕೆತ್ತಿದ್ದು, ಒಂದು ಚಪ್ಪಟೆ, ಒಂದು ಓರೆ, ಒಂದು ಹೆಬ್ಬೆರಳಿನಷ್ಟು ದಪ್ಪ. ಹುರಿ ಬಿಗಿದ ಗುರುತು ಮಾತ್ರ ಕೊನೆಯವರೆಗೂ ಒಂದೇ ಸಮನೆ ಇತ್ತು. ದೋಣಿಗೆ ನೀರು ನುಗ್ಗಿರಲಿಕ್ಕಿಲ್ಲ. ಹಲಗೆ ಕುಟ್ಟಿ ‘ಏನಾಯ್ತು ನಿನಗೆ’ ಎಂದು ಕೇಳಿದ್ದನೋ ಇಲ್ಲವೋ. ಕೇಳದೆ, ಬಂದದ್ದನ್ನು ಬಂದ ಹಾಗೆ ಹಿಡಿದುಕೊಂಡು, ಎಳೆದು, ವಾಪಸು ಕಳಿಸಿದ್ದ. ಹೊರಗಿನವನು ಅಷ್ಟು ಹೊತ್ತೂ ತನ್ನ ಗುಟ್ಟು ತನ್ನಲ್ಲೇ ಇದೆ ಎಂದುಕೊಂಡು, ಒಳಗಿನವನು ಇವತ್ತು ಯಾಕೋ ನಿಧಾನ ಎಂದು ಮುಖ ಊದಿಸಿಕೊಂಡೂ ಇರಬಹುದು. ಅರ್ಧ ಲೋಟ. ಅವನು ತೊಟ್ಟಿಯ ಅಂಚನ್ನು ಹಿಡಿದುಕೊಂಡ. ತುಂಬಿದ ಲೋಟ ತುಳುಕುತ್ತದೆ, ಅರ್ಧ ಲೋಟ ತುಳುಕುವುದಿಲ್ಲ. ಬೇಸಿಗೆ ಬಂದರೂ ಅವನ ಮುಂದಿನ ಮೇಜುಬಟ್ಟೆಯ ಮೇಲೆ ಒಂದು ಕಲೆ ಬಿದ್ದಿರಲಿಲ್ಲ. ಅದನ್ನು ತನ್ನ ಜಾಣತನ ಎಂದುಕೊಂಡಿದ್ದ.

‘ಸಾರ್, ಕೂತ್ಕೊಳ್ಳಿ’ ಎಂದಳು ರಸಾಯನ.

‘ಒಂದು ಪೆನ್ಸಿಲ್ ಕೊಡು. ಹಾಳೆನೂ ಕೊಡು.’

ಹಾಳೆಯ ಮೇಲೆ ಒಂದು ನೇರ ಸಾಲು ಬರುವ ಹಾಗೆ ಚುಕ್ಕೆ ಇಡುತ್ತ ಹೋದ. ಕೈಯನ್ನು ಅಡಗಿಸಲಿಲ್ಲ, ಎಡಗೈಯಿಂದ ಹಿಡಿಯಲಿಲ್ಲ. ಚುಕ್ಕೆಗಳು ಮೊದಲು ನೆಟ್ಟಗೆ ನಿಂತವು. ಕೈ ದಣಿದಂತೆ ಒಂದು ಮೇಲೆ ಒಂದು ಕೆಳಗೆ ಬಿದ್ದವು. ಹಾಳೆಯನ್ನು ಹಲಗೆಯ ಸೊಟ್ಟ ತೂತುಗಳ ಪಕ್ಕಕ್ಕೆ ಇಟ್ಟ. ಅವಳು ಬಾಗಿ ನೋಡಿದಳು. ಇದನ್ನೂ ಅದನ್ನೂ, ಇದನ್ನೂ ಅದನ್ನೂ.

‘ನನ್ನ ಕೈ ನಡುಗುತ್ತೆ’ ಎಂದ. ಇಷ್ಟು ದಿನ ಯಾರಿಗೂ ಹೇಳದ ಮಾತು, ಮರದ ಜಾತಿ ಹೇಳುವಷ್ಟು ಸಲೀಸಾಗಿ ಬಂತು. ‘ಮಳೆಗಾಲದಿಂದ. ಕಲಿಯೋನ ತಪ್ಪು ಎಲ್ಲ ದಿಕ್ಕಿಗೂ ಹೋಗುತ್ತೆ, ಇದು ಬರೀ ಮೇಲೆ ಕೆಳಗೆ ಹೋಗುತ್ತೆ. ನೋಡು, ಅವನದೂ ಹಾಗೇ.’

ಅವಳು ಮೂಗೊರೆಸಿಕೊಂಡು, ‘ಈ ಹಾಳೆನೂ ವರದಿಗೆ ಸೇರಿಸ್ಬೇಕಾಗುತ್ತೆ. ಯಾರ ಕೈ ಅಂತ ಬರೀಲಿ?’ ಎಂದಳು.

‘ನಂದೇ ಅಂತ ಬರಿ. ಸುಳ್ಳು ಯಾಕೆ.’

ಸಂಜೆ ಹೆಂಡತಿ ಕಾರು ತಂದಳು. ಅವನು ಎಲ್ಲವನ್ನೂ ಹೇಳಿದ: ದಿಕ್ಕು ತಿರುಗಿದ್ದು, ಮೆತ್ತೆ, ಬೆಣೆ. ದೊಡ್ಡ ವೃತ್ತದವರೆಗೆ ಅವಳು ಹೂಂ ಎನ್ನುತ್ತ ಕೇಳಿದಳು.

‘ಹಾಗಾದ್ರೆ ನಮ್ಮ ಹುಡುಗ?’

‘ಅವನು ಇರ್ಲಿಲ್ಲ ಕಣೇ.’

‘ಅಯ್ಯೋ ಪಾಪ’ ಎಂದಳು. ಕೆಂಪು ದೀಪಕ್ಕೆ ಕಾರು ನಿಲ್ಲಿಸಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ‘ಎಲ್ಲಾ ನನ್ನಿಂದ್ಲೇ ಆಗಿದ್ದು. ಕಲಿಯೋರು ಹಾಗೆ ಹೀಗೆ ಅಂತ ನಾನೇ ತಾನೆ ಹೇಳಿದ್ದು.’

‘ನಿಂಗೆ ಯಾವಾಗಿಂದ ಗೊತ್ತು?’

ಯಾವುದು ಎಂದು ಅವಳು ಕೇಳಲಿಲ್ಲ. ‘ನೀವು ಸ್ಕೂಟರ್ ಬಿಟ್ರಲ್ಲ, ಅದಕ್ಕೂ ಮುಂಚೆ.’

‘ಹೇಳ್ಬಾರ್ದಿತ್ತಾ?’

‘ಈ ಸೀಟಿನ ಹತ್ರ ಇನ್ನೊಂದು ಬ್ರೇಕ್ ಇದೆ ಅಂತ ನಾನು ಕಲಿಯೋರಿಗೆ ಮೊದಲ ದಿನ ಹೇಳಲ್ಲ. ಹೇಳಿದ್ರೆ ಕೈ ಬಿಟ್ಟು ಕೂತ್ಬಿಡ್ತಾರೆ.’ ದೀಪ ಹಸಿರಾಯಿತು. ‘ನಾಳೆ ಡಾಕ್ಟರ ಹತ್ರ ಹೋಗೋಣ. ಪಾಠ ಎಲ್ಲ ಮುಂದಕ್ಕೆ ಹಾಕಿದ್ದೀನಿ. ನಿಮ್ಮನ್ನ ಕೇಳದೇ ಹಾಕಿದೆ, ಬೈಕೊಳ್ಳಿ.’

ಅವನು ಬೈಯಲಿಲ್ಲ. ಮಡಚಿದ ಕಾಲನ್ನು ಚಾಚಿ ಕೂತ. ಪಾದ ಆ ಬ್ರೇಕಿನ ಪಕ್ಕಕ್ಕೆ ಹೋಗಿ ತಾಗಿತು. ಹಾಗೇ ಬಿಟ್ಟ.

ಮನೆಯಲ್ಲಿ ಅವಳು ಚಹಾ ಮಾಡಿ ಅವನ ಮುಂದೆ ಲೋಟ ಇಟ್ಟಳು. ಅರ್ಧ. ಅವನು ಎರಡೂ ಕೈಯಲ್ಲಿ ಎತ್ತಿ, ಅವಳ ಎದುರಿಗೇ, ಕೈ ಎಷ್ಟು ನಡುಗುತ್ತದೋ ನಡುಗಲಿ ಎಂದು ಕುಡಿದ. ಅವಳು ಒಲೆಯ ಕಡೆ ತಿರುಗಿಕೊಂಡಿದ್ದಳು, ಕೈಯಲ್ಲಿ ಪಾತ್ರೆ ಹಾಗೇ ಇತ್ತು. ಮಳೆಗಾಲ ಮುಗಿದಾಗಿನಿಂದ ದಿನಾ ಅವಳು ಅದನ್ನು ಹೀಗೇ ಹಿಡಿದು ನಿಂತಿದ್ದಳು. ಅವನು ಖಾಲಿ ಲೋಟದಿಂದ ಮೇಜನ್ನು ಒಂದು ಸಲ ಕುಟ್ಟಿದ. ಅವಳು ತಿರುಗಿ, ಏನೂ ಕೇಳದೆ, ಇನ್ನರ್ಧ ಹಾಕಿದಳು.